ಡಯಾಲಿಸಿಸ್: ರಕ್ತಸ್ರಾವದ ಅಪಾಯವಿದ್ದಾಗ ಹೆಪ್ಪುಗಟ್ಟುವಿಕೆ ತಡೆ

ಡಯಾಲಿಸಿಸ್ ಯಂತ್ರದ ಕೊಳವೆ, ಫಿಲ್ಟರ್‌ಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಸಾಮಾನ್ಯವಾಗಿ ಕೊಡುವುದು ಹೆಪಾರಿನ್. ಆದರೆ ಆಗಷ್ಟೇ ಶಸ್ತ್ರಚಿಕಿತ್ಸೆಯಾದವರಿಗೆ, ಜಠರದ ಹುಣ್ಣಿನಿಂದ ರಕ್ತ ಸೋರುತ್ತಿರುವವರಿಗೆ ಅದೇ ಮುಳುವಾಗಬಹುದು. ಸರಳ ಉಪಾಯವೆಂದರೆ ಹೆಪಾರಿನ್ ಬಿಟ್ಟು, 15–30 ನಿಮಿಷಕ್ಕೊಮ್ಮೆ 100–200 ಮಿ.ಲೀ. ಸಲೈನ್ ಹಾಯಿಸುವುದು. ದಾದಿಯರಿಗೆ ಕೆಲಸ ಹೆಚ್ಚು. ಹಾಯಿಸಿದ ಸಲೈನನ್ನೂ ಯಂತ್ರವೇ ಹೊರತೆಗೆಯಬೇಕು.

ಪರೀಕ್ಷೆಗೆ ಓದುವವರಿಗೆ ಮುಖ್ಯವಾದದ್ದು ಸಿಟ್ರೇಟ್ ವಿಧಾನ. ದೇಹದಿಂದ ಹೊರಬಂದ ರಕ್ತಕ್ಕೆ ಸೇರಿಸಿದ ಸಿಟ್ರೇಟ್, ಹೆಪ್ಪುಗಟ್ಟುವಿಕೆಯ 4ನೇ ಅಂಶವಾದ ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಡುತ್ತದೆ. ರಕ್ತ ಮರಳುವಾಗ ಕ್ಯಾಲ್ಸಿಯಂ ಕೊಡುತ್ತಾರೆ. ಹೀಗಾಗಿ ತಡೆ ಯಂತ್ರದೊಳಗಷ್ಟೇ. (ರಕ್ತನಿಧಿಯ ಚೀಲದಲ್ಲಿರುವುದೂ ಸಿಟ್ರೇಟೇ.) ದೇಹ ಸೇರಿದ ಸಿಟ್ರೇಟನ್ನು ಮುಖ್ಯವಾಗಿ ಯಕೃತ್ತು ಬೈಕಾರ್ಬನೇಟ್ ಆಗಿಸುತ್ತದೆ, ಹಾಗಾಗಿ ಯಕೃತ್ತು ಕೆಟ್ಟವರಲ್ಲಿ ಎಚ್ಚರ ಬೇಕು.

ಹೆಪಾರಿನ್‌ನ ಪ್ರಭಾವ ಇಳಿಸುವುದು ಪ್ರೋಟಮಿನ್ ಸಲ್ಫೇಟ್. ಉತ್ತರಕ್ಕೆ ವಿಟಮಿನ್ ಕೆ ಎಂದು ಗುರುತು ಹಾಕಬೇಡಿ, ಅದು ವಾರ್ಫರಿನ್‌ಗೆ.