ನಿಷ್ಠೆ ಮತ್ತು ಭಿನ್ನಮತ: ಹಾರ್ಟ್ ಮೌಂಟನ್ ಶಿಬಿರದ ಪಾಠ

ಒಬ್ಬನು ಒಂದು ದೇಶಕ್ಕೆ ಸೇರಿದವನೆಂಬುದನ್ನು ಯಾವುದರಿಂದ ನಿರ್ಣಯಿಸಬೇಕು? ಹುಟ್ಟಿನಿಂದಲೋ, ಮೈಬಣ್ಣದಿಂದಲೋ, ನಡತೆಯಿಂದಲೋ? ಸರಕಾರ ತಪ್ಪಿದಾಗ ‘ಇದು ತಪ್ಪು’ ಎಂದವನು ದೇಶದ್ರೋಹಿಯೇ? ಈ ಪ್ರಶ್ನೆಗಳನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ, ನಡೆದ ಒಂದು ಸಂಗತಿಯ ಮೂಲಕ ನೋಡುವುದು ಲೇಸು. ಎರಡನೆಯ ಮಹಾಯುದ್ಧ ಕಾಲದ ಅಮೆರಿಕೆಯಲ್ಲಿ ಅಂಥದೊಂದು ಸಂಗತಿ ದೊರೆಯುತ್ತದೆ.

ಅಂದಿನ ಅಮೆರಿಕೆಯ ಕಾನೂನಿನಂತೆ, ಜಪಾನಿನಿಂದ ಹೋಗಿ ನೆಲೆಸಿದವರು ಎಷ್ಟು ವರ್ಷ ಅಲ್ಲಿದ್ದರೂ ಪೌರರಾಗುವಂತಿರಲಿಲ್ಲ. ಅವರು ಬಿಳಿಯರಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1922ರಲ್ಲಿ ತೀರ್ಪಿತ್ತಿತು. ಮರುವರ್ಷವೇ ಅದೇ ಕಾರಣದಿಂದ ಭಾರತೀಯರಿಗೂ ಬಾಗಿಲು ಮುಚ್ಚಿತು. ಆ ಮೊಕದ್ದಮೆಯ ಭಗತ್ ಸಿಂಗ್ ಥಿಂಡ್ ಅಮೆರಿಕೆಯ ಸೈನ್ಯದಲ್ಲಿಯೇ ಸೇವೆ ಮಾಡಿದವರಾಗಿದ್ದರು. ಆದರೆ ಅಲ್ಲಿ ಹುಟ್ಟಿದ ಮಕ್ಕಳು ಸಂವಿಧಾನದ ಪ್ರಕಾರ ಹುಟ್ಟಿನಿಂದಲೇ ಪೌರರು. ಹೀಗೆ ಒಂದೇ ಮನೆಯಲ್ಲಿ ತಂದೆ ಪರದೇಶಿ, ಮಗ ಸ್ವದೇಶಿ.

1941ರ ಡಿಸೆಂಬರ್ 7ರಂದು ಜಪಾನು ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟರು ಹೊರಡಿಸಿದ ಆಜ್ಞೆಯ ಫಲವಾಗಿ ಸುಮಾರು 1,20,000 ಮಂದಿ ಜಪಾನೀ ಮೂಲದವರು ಮನೆಮಾರು, ಹೊಲ, ಅಂಗಡಿಗಳನ್ನು ಬಿಟ್ಟು ಮುಳ್ಳುತಂತಿಯ ಶಿಬಿರಗಳನ್ನು ಸೇರಬೇಕಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕೆಯ ಪೌರರೇ. ಆರೋಪವಿಲ್ಲ, ವಿಚಾರಣೆಯಿಲ್ಲ. ಜರ್ಮನಿ, ಇಟಲಿಗಳೂ ಶತ್ರುರಾಷ್ಟ್ರಗಳೇ ಆಗಿದ್ದರೂ, ಆ ಮೂಲದ ಪೌರರನ್ನು ಹೀಗೆ ಸಾಮೂಹಿಕವಾಗಿ ಕೂಡಿಹಾಕಲಿಲ್ಲವೆಂಬುದು ಗಮನಾರ್ಹ.

1943ರಲ್ಲಿ ಶಿಬಿರವಾಸಿಗಳ ಮುಂದೆ ಒಂದು ಪ್ರಶ್ನಾವಳಿಯನ್ನು ಇಡಲಾಯಿತು. ಸೈನ್ಯದಲ್ಲಿ ಸೇವೆ ಮಾಡುವಿರಾ? ಜಪಾನಿನ ಚಕ್ರವರ್ತಿಯ ನಿಷ್ಠೆಯನ್ನು ತೊರೆಯುವಿರಾ? ಎಂದೂ ಇರದ ನಿಷ್ಠೆಯನ್ನು ತೊರೆಯುವುದು ಹೇಗೆಂದು ತರುಣರು ಕೇಳಿದರು. ವೃದ್ಧರ ಪಾಡು ಇನ್ನೂ ಕಷ್ಟ. ಅಮೆರಿಕೆಯ ಪೌರತ್ವ ಸಿಗದು. ಜಪಾನನ್ನೂ ಬಿಟ್ಟರೆ ಯಾವ ದೇಶವೂ ಇಲ್ಲ.

1944ರ ಜನವರಿಯಲ್ಲಿ ಈ ತರುಣರಿಗೂ ಕಡ್ಡಾಯ ಸೈನ್ಯಸೇವೆ ಅನ್ವಯಿಸಿತು. ಆಗ ವಯೋಮಿಂಗ್ ಸಂಸ್ಥಾನದ ಹಾರ್ಟ್ ಮೌಂಟನ್ ಶಿಬಿರದಲ್ಲಿ ‘ಫೇರ್ ಪ್ಲೇ ಕಮಿಟಿ’ ಎಂಬ ಸಂಘವು ತಲೆಯೆತ್ತಿತು. ಅದರ ವಾದ ಸರಳ: ನಾವು ಈ ದೇಶಕ್ಕೆ ನಿಷ್ಠರು, ಮೊದಲು ನಮ್ಮ ಪೌರ ಹಕ್ಕುಗಳನ್ನು ಹಿಂದಿರುಗಿಸಿ, ಆಮೇಲೆ ಸೈನ್ಯಕ್ಕೆ ಕರೆಯಿರಿ. ಜೂನ್ ತಿಂಗಳಲ್ಲಿ 63 ಮಂದಿಯ ವಿಚಾರಣೆ ನಡೆದು, ಒಬ್ಬೊಬ್ಬರಿಗೂ ಮೂರು ವರ್ಷದ ಸಜೆಯಾಯಿತು. ಮರುತಿಂಗಳೇ ಕ್ಯಾಲಿಫೋರ್ನಿಯದಲ್ಲಿ ಲೂಯಿ ಗುಡ್‌ಮನ್ ಎಂಬ ನ್ಯಾಯಾಧೀಶರು, ಟೂಲ್ ಲೇಕ್ ಶಿಬಿರದ ಇಂಥದೇ ಮೊಕದ್ದಮೆಯನ್ನು ವಜಾ ಮಾಡಿದರು. ನಿಷ್ಠೆಯಿಲ್ಲವೆಂದು ಕೂಡಿಹಾಕಿದ ಪೌರನನ್ನೇ ಸೈನ್ಯಕ್ಕೆ ಬಾರೆಂದು ಬಲವಂತಪಡಿಸುವುದು ಅಂತಃಸಾಕ್ಷಿಗೆ ಒಪ್ಪದ ಮಾತೆಂದು ಅವರ ಅಭಿಪ್ರಾಯ.

ಇನ್ನೊಂದು ಮುಖವನ್ನೂ ಮರೆಯಬಾರದು. ಅದೇ ಸಮುದಾಯದ ಸಾವಿರಾರು ತರುಣರು ಸೈನ್ಯ ಸೇರಿದರು. ಅವರ 442ನೆಯ ರೆಜಿಮೆಂಟು ಇಟಲಿ, ಫ್ರಾನ್ಸುಗಳಲ್ಲಿ ಹೋರಾಡಿ ಅಪಾರ ಕೀರ್ತಿ ಪಡೆಯಿತು. ಪ್ರಾಣ ಕೊಟ್ಟವರಿಗೂ ಸೆರೆಮನೆಗೆ ಹೋದವರಿಗೂ ಬೇಕಾದದ್ದು ಒಂದೇ: ತಮ್ಮನ್ನು ಪೌರರೆಂದು ಕಾಣಬೇಕು. ಆದರೂ ಸ್ವಜನರೇ ಸೆರೆಗೆ ಹೋದವರನ್ನು ಬಹುಕಾಲ ಹೇಡಿಗಳೆಂದು ದೂರವಿಟ್ಟರು.

1947ರಲ್ಲಿ ಅಧ್ಯಕ್ಷ ಟ್ರೂಮನ್ನರು ಅವರಿಗೆ ಕ್ಷಮಾದಾನವಿತ್ತರು. ಈ ಸ್ಥಳಾಂತರಕ್ಕೆ ಜನಾಂಗದ್ವೇಷ, ಯುದ್ಧದ ಉನ್ಮಾದ, ನಾಯಕರ ವೈಫಲ್ಯ ಇವೇ ಕಾರಣವೆಂದು ಸರಕಾರದ ಆಯೋಗವೇ 1983ರಲ್ಲಿ ಹೇಳಿತು. 1988ರ ಶಾಸನವು ಕ್ಷಮೆ ಕೇಳಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರು ಪರಿಹಾರವನ್ನು ವಿಧಿಸಿತು. ಅಂದು ಪ್ರತಿಭಟನೆಯನ್ನು ವಿರೋಧಿಸಿದ್ದ ಜಪಾನೀ ಅಮೆರಿಕನ್ನರ ಪ್ರಮುಖ ಸಂಘವು 2002ರಲ್ಲಿ ಪ್ರತಿಭಟಿಸಿದವರ ಕ್ಷಮೆ ಕೇಳಿತು. ಅಷ್ಟರಲ್ಲಿ ಅವರಲ್ಲಿ ಅನೇಕರು ತೀರಿಕೊಂಡಿದ್ದರು.

ಇದರಿಂದ ತಿಳಿಯುವುದೇನು? ಹಕ್ಕನ್ನು ಕೇಳುವವನು ದೇಶವನ್ನು ತನ್ನದೆಂದು ಬಗೆದೇ ಕೇಳುತ್ತಾನೆ. ಪರರ ಮನೆಯಲ್ಲಿ ಯಾರೂ ಪಾಲು ಕೇಳುವುದಿಲ್ಲ. ಭಿನ್ನಮತಕ್ಕೆ ಎಡೆಯಿಲ್ಲದ ಕಡೆ ನಿಷ್ಠೆಯನ್ನು ಅಳೆಯುವುದೂ ಸಾಧ್ಯವಿಲ್ಲ, ಏಕೆಂದರೆ ಅಲ್ಲಿ ಭಯವೂ ನಿಷ್ಠೆಯೂ ಒಂದೇ ರೀತಿ ಮೌನವಾಗಿರುತ್ತವೆ.

ವಿಚಾರಕ್ಕೆ ಪ್ರಶ್ನೆಗಳು:
1. ಹುಟ್ಟಿನಿಂದ ಬಂದ ಪೌರತ್ವವನ್ನು ಯುದ್ಧಕಾಲದ ಭಯವು ಮೊಟಕುಗೊಳಿಸಬಹುದೇ?
2. ಸೈನ್ಯ ಸೇರಿದವರು, ಸೆರೆ ಸೇರಿದವರು, ಇವರಿಬ್ಬರ ನಿಲುವಿನಲ್ಲಿ ಸಮಾನವಾದುದೇನು?
3. ಸಮುದಾಯವು ತನ್ನವರ ಭಿನ್ನಮತವನ್ನೇ ತಡೆದರೆ ಅದರ ಬೆಲೆಯನ್ನು ತೆರುವವರು ಯಾರು?