ಉಪವಿಧಿಯ ತಿದ್ದುಪಡಿ: ವಸತಿ ಸಹಕಾರ ಸಂಘದ ನಿಯಮಗಳನ್ನು ಬೋಧಿಸುವ ಬಗೆ

ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವ ವಿದ್ಯಾರ್ಥಿಗೆ ತಾನು ವಾಸಿಸುವ ಕಟ್ಟಡದ ಸೂಚನಾಫಲಕವು ಮರಾಠಿಯಲ್ಲಿಯೇ ಎದುರಾಗುತ್ತದೆ. ಅದರಲ್ಲಿ ‘ಉಪವಿಧಿ ದುರುಸ್ತಿ’ ಎಂದಿದ್ದರೆ, ನೀರಿನ ಮೋಟಾರನ್ನೋ ಮೆಟ್ಟಿಲನ್ನೋ ಸರಿಪಡಿಸುವ ಸಂಗತಿಯೆಂದು ಅವನು ಭಾವಿಸುವುದು ಸಹಜ. ಕನ್ನಡದಲ್ಲಿ ದುರಸ್ತಿಯೆಂದರೆ ಕೆಟ್ಟುದನ್ನು ರಿಪೇರಿ ಮಾಡುವುದು. ಮರಾಠಿಯಲ್ಲಿ ಅದೇ ಪದವು ಕಾನೂನಿನ ತಿದ್ದುಪಡಿಗೂ ಸಲ್ಲುತ್ತದೆ. ‘ಠರಾವು’ ಎರಡೂ ಭಾಷೆಗಳಿಗೆ ಸಾಮಾನ್ಯವಾದುದು. ಗೊತ್ತುವಳಿ, ನಿರ್ಣಯ ಎಂಬುವು ಅದಕ್ಕೆ ಕನ್ನಡದ ಪರ್ಯಾಯಗಳು. ಮರಾಠಿಯ ‘ಇತಿವೃತ್ತ’ವು ಕನ್ನಡದ ಸಭಾ ನಡಾವಳಿ. ಪದಗಳ ಈ ಹೋಲಿಕೆಯಿಂದಲೇ ಪಾಠವನ್ನು ಆರಂಭಿಸುವುದು ಲೇಸು.

ಮಹಾರಾಷ್ಟ್ರದ ಅನೇಕ ಬಹುಮಹಡಿ ವಸತಿಗಳು 1960ರ ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ ಕಾಯಿದೆಯಡಿ ನೋಂದಣಿಯಾದ ಸಂಘಗಳು. ಇವುಗಳಲ್ಲಿ ಮನೆ ದೊಡ್ಡದಿರಲಿ ಚಿಕ್ಕದಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. (1970ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಗೆ ಒಳಪಟ್ಟ ಕಟ್ಟಡಗಳಲ್ಲಿ ಪಾಲಿನ ಪ್ರಮಾಣವು ಲೆಕ್ಕಕ್ಕೆ ಬರುತ್ತದೆ, ಈ ಪಾಠದಲ್ಲಿ ಅದನ್ನು ಬೆರೆಸದಿರುವುದೇ ಒಳಿತು.) ಸಂಘದ ಮೂಲನಿಯಮಗಳೇ ಉಪವಿಧಿಗಳು. ಅವುಗಳ ಮೇಲೆ ಕಾಯಿದೆಯಿದೆ, ಕೆಳಗೆ ಸರ್ವಸಾಧಾರಣ ಸಭೆಯ ಠರಾವುಗಳಿವೆ, ಅದಕ್ಕೂ ಕೆಳಗೆ ವ್ಯವಸ್ಥಾಪಕ ಸಮಿತಿಯ ಸೂಚನೆಗಳು. ಫಲಕದ ಮೇಲೆ ಅಂಟಿಸಿದ್ದೆಲ್ಲವೂ ಉಪವಿಧಿಯಾಗುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಮೊದಲು ಗ್ರಹಿಸಬೇಕು. ದೊಡ್ಡವರಲ್ಲಿಯೂ ಹಲವರಿಗೆ ಇದು ತಿಳಿದಿರುವುದಿಲ್ಲ.

ಉಪವಿಧಿಯನ್ನು ಬದಲಿಸುವ ಕ್ರಮವನ್ನು ಲೆಕ್ಕದ ಮೂಲಕ ವಿವರಿಸುವುದು ಹೆಚ್ಚು ಫಲಕಾರಿ. ತಿದ್ದುಪಡಿಯ ಪ್ರಸ್ತಾವವನ್ನು ಸಭೆಗೆ 14 ದಿನಗಳ ಮುಂಚಿತವಾಗಿ ಸದಸ್ಯರಿಗೆ ತಿಳಿಸಬೇಕು. ಸಭೆಯಲ್ಲಿ ಹಾಜರಿದ್ದು ಮತ ಚಲಾಯಿಸಿದವರಲ್ಲಿ ಮೂರರಲ್ಲಿ ಎರಡು ಪಾಲಿನ ಜನ ಒಪ್ಪಬೇಕು. ಬಳಿಕ ನಿಬಂಧಕರು ಅದನ್ನು ನೋಂದಾಯಿಸಬೇಕು. ನೋಂದಣಿಯಾಗುವವರೆಗೆ ತಿದ್ದುಪಡಿಗೆ ಕಾನೂನಿನ ಬಲವಿಲ್ಲ. ಮಾದರಿ ಉಪವಿಧಿಗಳ ಪ್ರಕಾರ ಸಭೆಯ ಕೋರಂ ಒಟ್ಟು ಸದಸ್ಯರ ಮೂರರಲ್ಲಿ ಎರಡು ಪಾಲು ಅಥವಾ 20, ಇವೆರಡರಲ್ಲಿ ಕಡಿಮೆಯಾದದ್ದು. 60 ಸದಸ್ಯರ ಸಂಘವೊಂದನ್ನು ಊಹಿಸಿಕೊಳ್ಳೋಣ. ಸಭೆಗೆ 20 ಜನ ಬಂದರು. ಇಬ್ಬರು ಯಾವ ಕಡೆಗೂ ಕೈಯೆತ್ತಲಿಲ್ಲ. ಉಳಿದ 18ರಲ್ಲಿ 12 ಕೈಗಳು ಮೇಲೆದ್ದರೆ 60 ಮನೆಗಳ ನಿಯಮಕ್ಕೆ ತಿದ್ದುಪಡಿಯ ಠರಾವು ಸ್ವೀಕೃತವಾದಂತೆ. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು. ಮನೆಯಲ್ಲಿ ಕುಳಿತ 40 ಜನರ ಬಗ್ಗೆ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ.

ಬಹುಮತಕ್ಕೂ ಎಲ್ಲೆಯುಂಟು. ಕಾಯಿದೆಗೆ ವಿರುದ್ಧವಾದ ಉಪವಿಧಿ ನಿಲ್ಲದು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ನಿವಾಸಿಗಳೆಲ್ಲರೂ ಒಮ್ಮತದಿಂದ ಒಪ್ಪಿದರೂ ಸಾಕುನಾಯಿಗಳನ್ನು ಕಟ್ಟಡದಿಂದ ನಿಷೇಧಿಸಲಾಗದೆಂದು ಹೇಳುತ್ತದೆ. ಮಕ್ಕಳು ಉತ್ಸಾಹದಿಂದ ಚರ್ಚಿಸುವ ಉದಾಹರಣೆಯಿದು.

ನಿಯಮದ ಭಾಷೆಯನ್ನು ಕಲಿಸಲು ಮೂರು ಕ್ರಿಯಾರೂಪಗಳು ಸಾಕು: ಕಡ್ಡಾಯಕ್ಕೆ ‘ತಕ್ಕದ್ದು’, ಅನುಮತಿಗೆ ‘ಬಹುದು’, ನಿಷೇಧಕ್ಕೆ ‘ಕೂಡದು’. ಫಲಕದ ಮೇಲೆ ‘ಬಾಡಿಗೆದಾರರ ಮಕ್ಕಳು ಅಂಗಳದಲ್ಲಿ ಆಡಕೂಡದು’ ಎಂಬ ಸಾಲು ಇದೆಯೆಂದು ತಿಳಿಯೋಣ. ಇದನ್ನು ಬರೆದವರು ಯಾರು? ಯಾವ ಸಭೆಯ ಠರಾವು? ಯಾವ ಉಪವಿಧಿಯ ಆಧಾರ? ನಡಾವಳಿಯಲ್ಲಿ ದಾಖಲಾಗಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಮೇಲೆ ತರಗತಿಯು ಹೊಸ ಸಾಲನ್ನು ರಚಿಸಲಿ: ‘ಸಂಜೆ 5ರಿಂದ 7 ಗಂಟೆಯವರೆಗೆ ಎಲ್ಲ ಮಕ್ಕಳೂ ಅಂಗಳದಲ್ಲಿ ಆಡಬಹುದು; ನಿಲ್ಲಿಸಿದ ವಾಹನಗಳಿಗೆ ಹಾನಿಯಾಗದಂತೆ ನೋಡಿಕೊಳ್ಳತಕ್ಕದ್ದು.’

ಇಲ್ಲಿ ಶಿಕ್ಷಕರು ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ತರಗತಿಯ ಮಕ್ಕಳಲ್ಲಿ ಬಾಡಿಗೆಮನೆಯವರೂ ಇರುತ್ತಾರೆ. ಬಾಡಿಗೆದಾರನು ಹೆಚ್ಚೆಂದರೆ ನಾಮಮಾತ್ರ ಸದಸ್ಯ. ಅವನಿಗೆ ಮತದ ಹಕ್ಕಿಲ್ಲ. ಆದ್ದರಿಂದ ಯಾರ ಮನೆ ಸ್ವಂತದ್ದೆಂದು ಕೇಳದೆ, ಚೀಟಿಯೆತ್ತಿ ಪಾತ್ರಗಳನ್ನು ಹಂಚುವುದು ಯುಕ್ತ. ಒಡೆಯರ ಪಾತ್ರದವರು ಮತ ಹಾಕಲಿ. ಬಾಡಿಗೆದಾರರ ಪಾತ್ರ ಬಂದವರು, ಸಭೆಯಲ್ಲಿ ತಮ್ಮ ಪರವಾಗಿ ಮಾತನಾಡುವಂತೆ ಮನೆಯ ಮಾಲೀಕರಿಗೆ ಪತ್ರ ಬರೆಯಲಿ. ಮೊದಲು ಕನ್ನಡದಲ್ಲಿ, ಅನಂತರ ಮರಾಠಿಯಲ್ಲಿ. ಎರಡನೆಯ ಪತ್ರದಲ್ಲಿ ‘ದುರುಸ್ತಿ’ ಎಂಬ ಪದ ಯಾವ ಅರ್ಥದಲ್ಲಿ ಬಂದಿದೆಯೆಂಬುದನ್ನು ಶಿಕ್ಷಕರು ತಪ್ಪದೆ ಪರಿಶೀಲಿಸಬೇಕು.