ಪಝಲ್ ಆಟಿಕೆ ಇರಲಿ, ವಾಕಿಂಗ್ ತಪ್ಪದಿರಲಿ

ದೆಹಲಿಯ ರೋಹಿಣಿ ಬಡಾವಣೆಯ ಮೇ ಬಿಸಿಲಿಗೂ ನವೆಂಬರಿನ ಹೊಗೆಮಂಜಿಗೂ ಹೆದರಿ ಫ್ಲ್ಯಾಟಿನೊಳಗೇ ಉಳಿಯುವ ನಿಮ್ಮ ನಾಯಿ ಸೋಫಾ ಹರಿಯುವುದು ಹಟದಿಂದಲ್ಲ, ಬೇಸರದಿಂದ ಇರಬಹುದು. ಆಹಾರ ಅಡಗಿಸಿಡುವ ಪಝಲ್ ಆಟಿಕೆ ಅದರ ಮೂಗಿಗೆ ಕೆಲಸ ಕೊಡುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡು ವಾರ ವಾಸನೆ ಹಿಡಿದು ತಿಂಡಿ ಹುಡುಕಿದ ಸಾಕುನಾಯಿಗಳು ಆಹಾರವಿದೆಯೋ ಇಲ್ಲವೋ ತಿಳಿಯದ ಬಟ್ಟಲಿನತ್ತಲೂ ಮೊದಲಿಗಿಂತ ಬೇಗ, ಅಂದರೆ ಹೆಚ್ಚು ಆಶಾಭಾವದಿಂದ, ಸಾಗಿದವು. ಮಾಲೀಕರ ಪಕ್ಕದಲ್ಲೇ ನಡೆಯುವ ತರಬೇತಿ ಪಡೆದವುಗಳಲ್ಲಿ ಈ ಬದಲಾವಣೆ ಕಾಣಲಿಲ್ಲ.

ಆಹಾರ ಅಡಗಿಸಿಡುವುದು ಹಸಿದ ಪ್ರಾಣಿಯನ್ನು ಸತಾಯಿಸಿದಂತಲ್ಲವೇ ಎಂಬ ನಿಮ್ಮ ಅಳುಕು ಸರಿಯೇ. ಆಟಿಕೆ ತೀರಾ ಕಷ್ಟದ್ದಾದರೆ ನಾಯಿ ಕೈಚೆಲ್ಲುತ್ತದೆ. ಆದ್ದರಿಂದ ಮೊದಲು ಹಳೆಯ ಟವೆಲಿನಲ್ಲಿ ಒಣ ಆಹಾರದ ನಾಲ್ಕು ಕಾಳು ಸಡಿಲವಾಗಿ ಸುತ್ತಿಡಿ, ಬಿಡಿಸಲು ಕಲಿತ ಮೇಲೆ ಆಟಿಕೆ ಕೊಡಿ. ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ, ಬೇಡ. ಆಟಿಕೆಯ ತಿಂಡಿಯನ್ನು ದಿನದ ಊಟದಲ್ಲೇ ಕಳೆಯಿರಿ. ಇಷ್ಟಾದರೂ ಆಟಿಕೆ ವಾಕಿಂಗಿಗೆ ಬದಲಿಯಲ್ಲ: ಬೇಸಿಗೆಯಲ್ಲಿ ನಸುಕಿನಲ್ಲೇ ನಾಯಿಯನ್ನು ಹೊರಗೆ ಕರೆದೊಯ್ಯಿರಿ.